ಕೆಂಪು ನೀರಿಗೆ ಪಾಳಿ ಹಚ್ಚಿದ ಬಾಳವ್ವ

ಬೆಳಗಾವಿಯಲ್ಲಿ ರೈಲ್ವೆ ಗೇಟು ದಾಟಿ ಖಾನಾಪುರದ ದಾರಿ ಹಿಡಿದರೆ ಎಡಗಡೆಗೆ ಸರಕಾರಿ ಚಾಳ ಸಿಗುತ್ತಿತ್ತು. ಎದುರುಬದುರು ಎರಡು ಸಾಲು, ಸಾಲಿಗೆ ಇಪ್ಪತ್ತು ಖೋಲಿ, ನಡುವೆ ಕಲ್ಲು ಕಟ್ಟಿದ ಒಂದು ಬಾವಿ. ಜಾಗ ಸರಕಾರ ಕೊಟ್ಟಿದ್ದು, ಕಟ್ಟಿಸಿದ್ದು ಊರ ದೊಡ್ಡ ಮನುಷ್ಯರ ಒಂದು ಕಮಿಟಿ. ಅಲ್ಲಿಯ ತನಕ ಊರ ಹೊಲಸು ಹರಿಯುವ ನಾಲಾದ ದಂಡೆಯ ಮೇಲೆ ತಗಡು, ತಟ್ಟಿ, ಗೋಣಿತಾಟು ಮುಚ್ಚಿಕೊಂಡು ಬಿದ್ದಿದ್ದ ಹಮಾಲರ ನಲವತ್ತು ಮನೆತನಗಳನ್ನು ಎಬ್ಬಿಸಿ ತಂದು ಇಲ್ಲಿ ಕೂಡಿಸಿದ್ದರು. ಕೂಡಿಸಿದ ಮೇಲೆ ಕಮಿಟಿಯವರು ಕೈತೊಳೆದುಕೊಂಡರು. ತಲೆಯ ಮೇಲೆ ಹಂಚು ಹಾಕಿಕೊಟ್ಟೆವು, ಇನ್ನು ಇವರ ಬಾಳು ಬಂಗಾರ ಎಂದು ತಿಳಿದಿದ್ದರೋ ಏನೋ. ಹಂಚಿನ ಕೆಳಗೆ ಜ್ವರ ಬರುವುದಿಲ್ಲವೇ, ಹೆರಿಗೆ ಆಗುವುದಿಲ್ಲವೇ, ಹೊತ್ತ ಮೂಟೆ ಕಾಲ ಮೇಲೆ ಬೀಳುವುದಿಲ್ಲವೇ? ದವಾಖಾನೆ ಊರೊಳಗಿತ್ತು, ಮಕ್ಕಳು ಕಲಿಯುವ ಸಾಲಿ ಊರೊಳಗಿತ್ತು, ಎಲ್ಲ ಇತ್ತು. ಚಾಳಿನಿಂದ ಅಲ್ಲಿಯ ತನಕ ಕೈಹಿಡಿದು ಕರೆದೊಯ್ಯುವವರು ಮಾತ್ರ ಇರಲಿಲ್ಲ.

ಆ ಕೆಲಸವನ್ನು ಯಾರೂ ಹೇಳದೆ ಕೇಳದೆ ಮೈಮೇಲೆ ಹಾಕಿಕೊಂಡವಳು ಬಾವಿ ಕಾಯುವ ಬಾಳವ್ವ.

ಬಾಳವ್ವನ ಗಂಡ ಖಾನಾಪುರದ ನಾಟಾ ಅಡ್ಡೆಯಲ್ಲಿ ಬಂಡಿ ಹೊಡೆಯುತ್ತಿದ್ದ. ಒಂದು ಮಳೆಗಾಲ ಸಾಗವಾನಿ ದಿಮ್ಮಿ ಜಾರಿ ಅವನ ಎದೆಯ ಮೇಲೆ ಬಂತು. ಮಕ್ಕಳಿರಲಿಲ್ಲ. ಮೂವತ್ತೆರಡರ ಪ್ರಾಯದಲ್ಲಿ ಅವಳು ಒಂದು ಗಂಟು ಬಗಲಲ್ಲಿ ಇರುಕಿಕೊಂಡು ಬೆಳಗಾವಿಗೆ ಬಂದಳು. ತವರಿನಿಂದ ಕನ್ನಡ ತಂದಿದ್ದಳು, ಖಾನಾಪುರದ ಓಣಿಯಿಂದ ಮರಾಠಿ. ಅಕ್ಷರ ಎರಡರಲ್ಲೂ ಬರುತ್ತಿರಲಿಲ್ಲ, ಬಾಯಿ ಎರಡರಲ್ಲೂ ಜೋರು. ಕಮಿಟಿಯವರು ಅವಳಿಗೆ ಕೊಟ್ಟ ಕೆಲಸ ಇಷ್ಟೇ: ಬಾವಿಯ ಕಟ್ಟೆಯ ಮೇಲೆ ಯಾರೂ ಅರಿವೆ ಒಗೆಯಬಾರದು, ಹೆಂಗಸರು ಕೊಡಕ್ಕೆ ಕೊಡ ಹಚ್ಚಿ ಜಗಳ ಆಡಬಾರದು.

ಜಗಳ ನಿಲ್ಲಿಸಲು ಅವಳು ಪಾಳಿ ಹಚ್ಚಿದಳು. ಮೂಡಲ ಕೆಂಪೇರುವ ಹೊತ್ತಿಗೆ ಪ್ರತಿ ಮನೆಯ ಒಂದು ಕೊಡ ಸಾಲಾಗಿ ಬಂದು ಕೂರಬೇಕು, ಮೊದಲನೆಯ ಖೋಲಿಯಿಂದ ನಲವತ್ತನೆಯದರ ತನಕ. ಹೀಗೆ ಎರಡು ತಿಂಗಳು ನಡೆದ ಮೇಲೆ ಬಾಳವ್ವನಿಗೆ ಒಂದು ಸಂಗತಿ ಹೊಳೆಯಿತು. ಕೊಡಗಳು ಮಾತಾಡುತ್ತಿದ್ದವು. ದಿನಾ ಸೊಸೆ ತರುವ ಕೊಡವನ್ನು ಅತ್ತೆ ತಂದರೆ ಆ ಮನೆಯಲ್ಲಿ ಏನೋ ಆಗಿದೆ. ತುಂಬಿಸಿ ಒಯ್ಯುವವಳು ಅರ್ಧಕ್ಕೆ ಸಾಕೆಂದರೆ ಅವಳಿಗೆ ಎತ್ತುವ ತ್ರಾಣ ಇಲ್ಲ. ಕೊಡವೇ ಬರದಿದ್ದರೆ ಕೇಳುವುದೇ ಬೇಡ, ಓಡಬೇಕು.

ಹನ್ನೊಂದನೆಯ ಖೋಲಿಯ ದುಂಡಪ್ಪ ಅಡತಿ ಅಂಗಡಿಯಲ್ಲಿ ಮೂಟೆ ಹೊರುವವನು. ಒಂದು ಮುಂಜಾನೆ ಅವನ ಹೆಂಡತಿಯ ಬದಲು ಬಾಜು ಮನೆಯವರು ಆ ಮನೆಯ ಕೊಡ ತಂದಿಟ್ಟರು. ಬಾಳವ್ವ ನೆಟ್ಟಗೆ ಹೋಗಿ ಬಾಗಿಲು ತಳ್ಳಿದಳು. ದುಂಡಪ್ಪ ಕಾಲಿಗೆ ಅರಿಶಿನ ಮೆತ್ತಿಕೊಂಡು ಮಲಗಿದ್ದ. ಪಾದ ಬದನೆಕಾಯಿಯ ಹಾಗೆ ನೀಲಿಗಟ್ಟಿತ್ತು.

"ಏನಾಗೇತಿ ಇದು?"

"ಏನಿಲ್ಲ ಬಿಡವಾ. ಸ್ವಲ್ಪ ಉಳಕೇತಿ."

"ಉಳಕಿದ ಕಾಲು ವಾಸನಿ ಹೊಡೀತೈತೇನೋ ಭಾಡ್ಯಾ? ಏಳು. ದವಾಖಾನಿಗಿ ನಡಿ."

"ಅಲ್ಲೆ ಹೋದ್ರ ಕಾಲ್ ಕೊಯ್ತಾರಂತ."

"ಕೊಯ್ದ್ರ ಇನ್ನೊಂದೈತಿ. ಇಲ್ಲೇ ಬಿದ್ದಿದ್ದ್ರ ಎರಡೂ ಹೊಕ್ಕಾವು."

ಅವಳೇ ಕೈಗಾಡಿ ತರಿಸಿ, ಅವನನ್ನು ಅದರ ಮೇಲೆ ಒಗೆದು, ದವಾಖಾನೆಯ ತನಕ ನೂಕಿಸಿಕೊಂಡು ಹೋದಳು. ಡಾಕ್ಟರ ಸಾಹೇಬರು ಮರಾಠಿ ಮನುಷ್ಯ, ದುಂಡಪ್ಪ ಅಪ್ಪಟ ಕನ್ನಡದವ. ನಡುವೆ ನಿಂತು ಇಬ್ಬರನ್ನೂ ಬೈಯುತ್ತ ಬಾಳವ್ವ ಕೆಲಸ ಸಾಧಿಸಿದಳು. ಕಾಲು ಉಳಿಯಿತು. ಆ ಮೇಲೆ ದುಂಡಪ್ಪ ಅವಳ ಬಲಗೈ ಬಂಟನಾದ, ಹಾಗೆಯೇ ಅವಳನ್ನು ಚೇಷ್ಟೆ ಮಾಡುವ ಹಕ್ಕು ತನಗೊಬ್ಬನಿಗೇ ಇದೆ ಎಂದೂ ತಿಳಿದುಕೊಂಡ. ಡಾಕ್ಟರರಂತೂ ಚಾಳಿನ ರೋಗಿ ಬಂದರೆ ಮೊದಲು "ಬಾಳವ್ವ ಎಲ್ಲಿ?" ಎನ್ನತೊಡಗಿದರು.

ಇಪ್ಪತ್ತಾರನೆಯ ಇಸವಿಯ ಬೇಸಿಗೆ. ಊರಲ್ಲಿ ಕಾಲರಾ ಕಾಣಿಸಿತು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇಬ್ಬರು, ನಾಲಾದ ದಂಡೆಯಲ್ಲಿ ಉಳಿದಿದ್ದ ಗುಡಿಸಲುಗಳಲ್ಲಿ ಮೂವರು ಹೋದರು. ಚಾಳಿನ ಬಾವಿಗೆ ಔಷಧ ಹಾಕಿರಿ ಎಂದು ಡಾಕ್ಟರರು ಕಮಿಟಿಗೆ ಹೇಳಿ ಕಳಿಸಿದರು. ಕಮಿಟಿಯ ಕಾರಕೂನ ಗುರುಪುತ್ರಪ್ಪ ಬಿರುಸಿನ ಮನುಷ್ಯ. ಹೇಳುವುದು ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ನಸುಕಿನಲ್ಲೇ ಒಬ್ಬ ಜವಾನನನ್ನು ಕಳಿಸಿ ಔಷಧದ ಕಾಳು ಬಾವಿಗೆ ಸುರಿಸಿ ಸುಮ್ಮನಾದ. ಬಾಳವ್ವನಿಗೂ ಸುದ್ದಿಯಿಲ್ಲ.

ಪಾಳಿಯಲ್ಲಿ ಮೊದಲ ಕೊಡ ಶಿವಲಿಂಗವ್ವನದು. ಅವಳು ಹಗ್ಗ ಬಿಟ್ಟು ಎಳೆದಳು. ಮೇಲೆ ಬಂದ ಕೊಡದಲ್ಲಿ ನೀರು ಕೆಂಪು.

ಕೆಂಪು ನೀರು ಅಂದರೆ ಆ ಹೆಂಗಸರಿಗೆ ಒಂದೇ ಅರ್ಥ. ಕೂಸಿಗೋ ಬಸುರಿಗೋ ಕೆಟ್ಟ ಕಣ್ಣು ಬಿದ್ದರೆ ನೀರಿಗೆ ಅರಿಶಿನ ಸುಣ್ಣ ಕಲಸಿ ಕೆಂಪು ಮಾಡಿ, ಮುಖದ ಸುತ್ತ ಇಳಿದೆಗೆದು, ಮೂರು ದಾರಿ ಕೂಡುವಲ್ಲಿ ಚೆಲ್ಲುತ್ತಾರೆ. ಚೆಲ್ಲಿದ ಆ ನೀರನ್ನು ದಾಟುವುದಕ್ಕೂ ಜನ ಅಂಜುತ್ತಾರೆ. ಶಿವಲಿಂಗವ್ವನ ಸೊಸೆಗೆ ಏಳು ತಿಂಗಳು ತುಂಬಿತ್ತು. ಅವಳು ಕೊಡವನ್ನು ಅಲ್ಲೇ ಬೋರಲು ಹಾಕಿ ಹಿಂದೆ ಸರಿದಳು.

"ಯಾರೋ ದಿಟ್ಟಿ ತಗದ ನೀರು ಬಾವಿಗಿ ಸುರದಾರ. ಊರ ದಿಟ್ಟಿ ನಮ್ಮ ನಲವತ್ತು ಮನಿ ಮ್ಯಾಲ ಹಾಕ್ಯಾರ."

ಅಷ್ಟೇ ಸಾಕಾಯಿತು. ಹೊತ್ತು ಏರುವುದರೊಳಗೆ ಒಂದು ಮನೆಯದು ಬಿಟ್ಟು ಉಳಿದೆಲ್ಲ ಕೊಡಗಳೂ ನಾಲಾದ ದಾರಿ ಹಿಡಿದವು. ಎಲ್ಲಿಂದ ಈ ಜನರನ್ನು ಎಬ್ಬಿಸಿ ತಂದಿದ್ದರೋ ಅದೇ ನಾಲಾಕ್ಕೆ, ಕಾಲರಾ ಕೂತಿದ್ದ ಅದೇ ನೀರಿಗೆ.

ಬಾಳವ್ವ ದವಾಖಾನೆಗೆ ಓಡಿ ನಿಜ ತಿಳಿದುಕೊಂಡು ಬಂದಳು. ಮನೆ ಮನೆಗೆ ಹೋಗಿ ಹೇಳಿದಳು. ಅದು ಔಷಧ, ದಿಟ್ಟಿಯಲ್ಲ, ಅರಿಶಿನದ ವಾಸನೆ ಬರುತ್ತದೆಯೇ ಮೂಸಿ ನೋಡಿ ಎಂದಳು. ಕೆಲವರು ಮೂಸಿ ನೋಡಿ ತಲೆ ಆಡಿಸಿದರು. ಆದರೆ ಬಾವಿಗೆ ಬರಲಿಲ್ಲ. ಎಲ್ಲರ ಕಣ್ಣೂ ಇಪ್ಪತ್ತನೆಯ ಖೋಲಿಯ ಮೇಲಿತ್ತು, ಅಕ್ಕಾತಾಯಿಯ ಮೇಲೆ.

ಅಕ್ಕಾತಾಯಿ ಜೈನರ ಮುದುಕಿ. ನೀರಿನ ವಿಷಯದಲ್ಲಿ ಚಾಳಿನಲ್ಲಿ ಅವಳ ಮಾತೇ ಕಡೆಯ ಮಾತು. ಅರಿವೆ ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಗಾಳಿಸದೆ ಒಂದು ಗುಟುಕೂ ಕುಡಿಯುವವಳಲ್ಲ. ಗಾಳಿಸಿದ ಮೇಲೆ ಅರಿವೆಯಲ್ಲಿ ಸಿಕ್ಕ ಸೂಕ್ಷ್ಮ ಜೀವಗಳನ್ನು ಒಂದು ಚರಿಗೆ ನೀರಲ್ಲಿ ಜಾಲಿಸಿ, ಹಗ್ಗ ಕಟ್ಟಿ ಬಾವಿಯ ನೀರಿನ ತನಕ ಮೆಲ್ಲಗೆ ಇಳಿಸಿ ಬಿಡುವಳು. ಮೇಲಿಂದ ಚೆಲ್ಲಿದರೆ ಅವಕ್ಕೆ ಪೆಟ್ಟಾಗುತ್ತದಂತೆ. ಇಂಥವಳು ಕೆಂಪು ಬಾವಿಯನ್ನು ಬಿಟ್ಟು ಮೈಲಿ ದೂರದ ತಮ್ಮ ಜೈನರ ಬಾವಿಗೆ ನಡೆದು ಹೋಗುತ್ತಿದ್ದಳು. ಅಕ್ಕಾತಾಯಿ ಮುಟ್ಟದ ನೀರು ನಮಗೂ ಬೇಡ ಎಂದರು ಜನ. ಮೈಲಿ ನಡೆಯುವ ಹೊತ್ತು ಅವರಿಗಿರಲಿಲ್ಲ, ಆ ಬಾವಿಯಲ್ಲಿ ಅವರನ್ನು ಬಿಡುವವರೂ ಇರಲಿಲ್ಲ. ನಾಲಾ ಹತ್ತಿರವಿತ್ತು.

ಮೂರನೆಯ ದಿನ ಗುರುಪುತ್ರಪ್ಪ ಒಂದು ನೋಟೀಸು ತಂದು ಬಾವಿಯ ಕಟ್ಟೆಯ ಮೇಲೆ ನಿಂತು ಓದಿದ. ನಾಲಾದ ನೀರು ಕುಡಿದು ರೋಗ ಹಬ್ಬಿಸುವವರಿಗೆ ಸರಕಾರಿ ಚಾಳಿನಲ್ಲಿ ಜಾಗವಿಲ್ಲ. ಎಂಟು ದಿನದ ಗಡುವು. ಅಷ್ಟರಲ್ಲಿ ಬಾವಿಯ ನೀರಿಗೆ ಬರದಿದ್ದರೆ ನಲವತ್ತೂ ಖೋಲಿ ಖಾಲಿ ಮಾಡಿಸಿ ಬೇರೆಯವರಿಗೆ ಕೊಡಲಾಗುವುದು.

"ಕಾರಕೂನ್ರ, ಖಾಲಿ ಮಾಡಿ ಎಲ್ಲೆ ಹೋಗ್ಬೇಕ್ರಿ?" ಎಂದು ದುಂಡಪ್ಪ ಕೇಳಿದ.

"ಎಲ್ಲಿಂದ ಬಂದ್ರಿ ಅಲ್ಲೇ."

"ನಾಲಾದ ನೀರು ಕುಡದದ್ದಕ್ಕ ನಾಲಾಕ್ಕ ಕಳಸ್ತೀರಿ. ಭಾಳ ಶ್ಯಾಣ್ಯಾರದೀರಿ."

ಹಮಾಲರು ನಕ್ಕರು. ಬಾಳವ್ವ ನಗಲಿಲ್ಲ. ಎಂಟು ದಿನ. ನಲವತ್ತು ಮನೆ. ನಾಲಾದ ದಂಡೆಗೆ ಮರಳಿದರೆ ಅರ್ಧಕ್ಕರ್ಧ ಮಂದಿ ಮಳೆಗಾಲ ನೋಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನೆಟ್ಟಗೆ ಅಕ್ಕಾತಾಯಿಯ ಬಾಗಿಲಿಗೆ ಹೋದಳು.

"ಅಕ್ಕಾರ, ಒಂದ್ ಮಾತ ಕೇಳ್ತೇನಿ. ಕಣ್ಣಿಗಿ ಕಾಣದ ಹುಳಾ ಉಳಸಾಕ ಕಣ್ಣಿಗಿ ಕಾಣೂ ಮಂದಿ ಸಾಯಬೇಕೇನು?"

ಮುದುಕಿ ತಲೆ ಎತ್ತಲಿಲ್ಲ. "ಕುಂದ್ರು ಬಾ. ನಿಂತು ಒದರಬ್ಯಾಡ."

"ಕುಂದ್ರಾಕ ಬಂದಿಲ್ಲ."

"ಹಂಗಾರ ನಿಂತ ಕೇಳು. ಬಾವಿ ಅಂದ್ರ ಜೀವ ಇರೂ ಮನಿ. ಅದರಾಗ ಔಷಧ ಸುರದ್ರ ಮನಿಗಿ ಬೆಂಕಿ ಹಚ್ಚಿದಂಗ. ನಾ ಯಾರಿಗೂ ಬ್ಯಾಡ ಅಂದಿಲ್ಲ. ನನಗ ಆಗೂದಿಲ್ಲ ಅಂದೆ. ಮಂದಿ ನನ್ನ ನೋಡಿ ಬಿಟ್ಟ್ರ ಅದು ನನ್ನ ತಪ್ಪೇನು?"

ಬಾಳವ್ವನ ಕಣ್ಣು ಮುದುಕಿಯ ಕೈಯ ಮೇಲೆ ಬಿತ್ತು. ಅಕ್ಕಾತಾಯಿ ಗಾಳಿಸಿದ ನೀರಿನ ತಂಬಿಗೆಗೆ ಚಿಟಿಕೆಯಲ್ಲಿ ಏನೋ ಪುಡಿ ಹಾಕುತ್ತಿದ್ದಳು. ನೀರು ನೋಡನೋಡುತ್ತ ಬಣ್ಣ ತಿರುಗಿತು, ತೆಳುವಾದ ಕಂದು.

"ಅದೇನ್ರಿ ಹಾಕೂದು?"

"ಲವಂಗದ ಪುಡಿ. ಇವತ್ತ ಚತುರ್ದಶಿ, ನಮ್ಮ ವ್ರತದ ದಿನ. ಬರೇ ಗಾಳಿಸಿದ ನೀರು ನಡಿಯೂದಿಲ್ಲ, ಪ್ರಾಸುಕ ಆಗಬೇಕು. ಬಣ್ಣ ರುಚಿ ಬದಲಾದ್ರ ಪ್ರಾಸುಕ. ಆಮ್ಯಾಲ ಅದರಾಗ ಹೊಸಾ ಜೀವ ಹುಟ್ಟೂದಿಲ್ಲ."

ಬಾಳವ್ವ ಕೂತಳು. ತಂಬಿಗೆಯ ಮೇಲೆ ಬಗ್ಗಿ ನೋಡಿದಳು.

"ಅಕ್ಕಾರ. ಬಾವಿಗಿ ಸುರೀಬ್ಯಾಡಂತ ನಾ ಹೇಳ್ತೇನಿ. ಗಾಳಿಸಿ, ಜೀವ ಹೊಳ್ಳಿ ಬಾವಿಗಿ ಬಿಟ್ಟ ಮ್ಯಾಲ, ಕೊಡದಾಗ ಅಷ್ಟ ಕೆಂಪು ಔಷಧ ಹಾಕಿದ್ರ? ನಿಮ್ಮ ಲವಂಗದಂಗ?"

ಐವತ್ತು ವರ್ಷ ನೀರು ಗಾಳಿಸಿದ ಅಕ್ಕಾತಾಯಿಗೆ ಈ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ.

"ನಾ ಒಬ್ಬಾಕಿ ಹೇಳಾಕ ಬರೂದಿಲ್ಲ," ಎಂದಳು. "ಖಾನಾಪುರದಾಗ ನಮ್ಮ ಅಣ್ಣ ಪಾರೀಸ ಅದಾನ. ಶಾಸ್ತ್ರ ಓದಿದಾವ. ಅವನ್ನ ಕೇಳಬೇಕು."

"ನಾಳಿ ಗಾಡಿಗಿ ಹೋಗೂಣು."

"ನನಗ ರೈಲ್ ಅಂದ್ರ ಅಂಜಿಕಿ."

"ನಾ ಕೈ ಹಿಡೀತೇನಿ. ಕಣ್ಣ ಮುಚ್ಚಿಕೋರಿ."

ಮರುದಿನದ ಗಾಡಿಯಲ್ಲಿ ಅಕ್ಕಾತಾಯಿ ಖರೇನೇ ಕಣ್ಣು ಮುಚ್ಚಿಕೊಂಡು ಕೂತಳು. ನಡುವೆ ದೇಸೂರ ಸ್ಟೇಶನ್ನು ಬಂದಾಗ ಇಳಿಯಲು ಎದ್ದು ನಿಂತಳು, ಬಾಳವ್ವ ಸೆರಗು ಹಿಡಿದು ಕೂಡಿಸಿದಳು. ಬಾಳವ್ವನ ಸೆರಗಿನಲ್ಲಿ ಡಾಕ್ಟರರಿಂದ ಬೇಡಿ ತಂದ ಔಷಧದ ಕಾಳಿನ ಪೊಟ್ಟಣವಿತ್ತು.

ಪಾರೀಸಪ್ಪ ಖಾನಾಪುರದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಬೋಳುತಲೆಯ ಮನುಷ್ಯ. ತಂಗಿ ರೈಲು ಹತ್ತಿ ಬಂದದ್ದನ್ನು ಕಂಡು ಯಾರೋ ಸತ್ತರೆಂದೇ ತಿಳಿದ. ಯಾರೂ ಸತ್ತಿಲ್ಲ, ಸಾಯಬಾರದು ಅಂತಲೇ ಬಂದಿದ್ದೇವೆ ಎಂದಳು ಬಾಳವ್ವ. ಅವನು ಎಲ್ಲ ಕೇಳಿದ. ಒಂದು ಗಾಜಿನ ಲೋಟಕ್ಕೆ ಗಾಳಿಸಿದ ನೀರು ತುಂಬಿಸಿ ಒಂದು ಕಾಳು ಬಿಟ್ಟ. ಕಾಳಿನಿಂದ ಬಣ್ಣದ ಎಳೆ ಕೆಳಗಿಳಿಯಿತು. ಕಲಕಿದಾಗ ನೀರು ಗುಲಾಬಿಯಾಯಿತು. ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ.

"ಬಣ್ಣ ಬದಲಾತು. ರುಚಿ ಬದಲಾತು. ಲವಂಗಕ್ಕೂ ಇದಕ್ಕೂ ಏನ್ ಫರಕು?"

"ಬಟ್ಟಿಗಿ ಸಿಗಲಾರದ ಜೀವ ಇದ್ರ ಅಣ್ಣಾ?"

"ದಿನಾ ಒಲಿ ಮ್ಯಾಲ ನೀರ ಕಾಸ್ತೀ ಇಲ್ಲ? ಆಗ ಕೇಳಿದ್ದಿ ಏನು ನನ್ನ? ಗಾಳಿಸೂದು, ಜೀವಕ್ಕ ಪೆಟ್ಟಾಗಲಾರದಂಗ ಹೊಳ್ಳಿ ಬಿಡೂದು, ಅಷ್ಟು ನಮ್ಮ ಕೈಯಾಗ. ಬಾವಿಗಿ ಹಾಕಬ್ಯಾಡ್ರಿ. ಕೊಡಕ್ಕ ಹಾಕ್ರಿ. ಮನಶಾನ ಪ್ರಾಣನೂ ಒಂದ ಜೀವ ಅಲ್ಲೇನು ತಂಗಿ?"

ಮರಳುವ ಗಾಡಿಯಲ್ಲಿ ಅಕ್ಕಾತಾಯಿ ಕಣ್ಣು ತೆರೆದುಕೊಂಡೇ ಕೂತಿದ್ದಳು.

ಇನ್ನು ಡಾಕ್ಟರರನ್ನು ಒಪ್ಪಿಸಬೇಕು. ದವಾಖಾನೆಯಲ್ಲಿ ಗುರುಪುತ್ರಪ್ಪನೂ ಇದ್ದ. ಬಾವಿಗೆ ಒಮ್ಮೆ ಸುರಿದರೆ ಮುಗಿಯುವ ಕೆಲಸಕ್ಕೆ ದಿನಾ ನಲವತ್ತು ಕೊಡದ ರಗಳೆ ಯಾಕೆ ಎಂದ. ಬಾಳವ್ವ ಅವನ ಕಡೆ ತಿರುಗಲೂ ಇಲ್ಲ. ಡಾಕ್ಟರರಿಗೆ ಮರಾಠಿಯಲ್ಲಿ ಒಂದೇ ಪ್ರಶ್ನೆ ಹಾಕಿದಳು: ನಿಮ್ಮ ಔಷಧ ಬಾವಿಯ ಹೊಟ್ಟೆಗೋ, ಮಂದಿಯ ಹೊಟ್ಟೆಗೋ? ಡಾಕ್ಟರರು ಕನ್ನಡಕ ತೆಗೆದು ಒರೆಸಿದರು. ಜನ ಕುಡಿಯದ ಬಾವಿ ಎಷ್ಟು ಚೊಕ್ಕಟ ಇದ್ದರೇನು ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಎದ್ದು ಹೋಗಿ ಕಾಳು ಕರಗಿಸಿದ ಒಂದು ದೊಡ್ಡ ಬಾಟಲಿ ತಂದುಕೊಟ್ಟು, ಕೊಡಕ್ಕೆ ಒಂದು ಚಮಚ, ಅರ್ಧ ತಾಸು ಬಿಟ್ಟು ಕುಡಿಯಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು ಮೂರು ಸಲ ಹೇಳಿದರು.

ಗಡುವಿನ ಆರನೆಯ ಬೆಳಗ್ಗೆ, ಅಷ್ಟರಲ್ಲಿ ತಿಳಿಯಾಗಿದ್ದ ಬಾವಿಯ ಕಟ್ಟೆಯ ಮೇಲೆ ಅಕ್ಕಾತಾಯಿ ಮಣೆ ಹಾಕಿಕೊಂಡು ಕೂತಳು. ಬಾಜುವಿಗೆ ಬಾಟಲಿ, ಕೈಯಲ್ಲಿ ಚಮಚ. ಮೊದಲು ತನ್ನ ಕೊಡ ಸೇದಿಸಿ, ಗಾಳಿಸಿ, ಜೀವವನ್ನು ಬಾವಿಗೆ ಇಳಿಸಿ, ಎಲ್ಲರ ಎದುರಿಗೆ ಒಂದು ಚಮಚ ಔಷಧ ಬಿಟ್ಟಳು. ಚಾಳಿನ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಯಾರೂ ಕದಲಲಿಲ್ಲ.

"ಶಿವಲಿಂಗವ್ವಾ," ಎಂದಳು ಬಾಳವ್ವ, "ನಿನ್ನ ಕೊಡ, ನಿನ್ನ ಹಗ್ಗ, ನಿನ್ನ ಬಟ್ಟಿ. ಸೇದಾಕಿ ನೀ, ಗಾಳಸಾಕಿ ನೀ. ಚಮಚಾನೂ ನಿನ್ನ ಕೈಯಾಗ ಕೊಡ್ತೇವಿ, ನೀನ ಹಾಕು. ನಿನ್ನ ಕೈಲೆ ನಿನ್ನ ಸೊಸಿಗಿ ದಿಟ್ಟಿ ಹಾಕ್ತೀ ಏನು?"

ದುಂಡಪ್ಪ ನಡುವೆ ಬಾಯಿ ಹಾಕಿದ. "ಅತ್ತಿ ಅಂದ್ಮ್ಯಾಲ ಹೇಳಾಕ ಬರೂದಿಲ್ಲ ಬಿಡವಾ."

"ನಿನ್ನ ಬಾಯಾಗ ಮಣ್ಣ ಹಾಕ," ಎಂದು ಬೈದು ಶಿವಲಿಂಗವ್ವ ಕೊಡ ಎತ್ತಿಕೊಂಡು ಬಂದೇ ಬಿಟ್ಟಳು. ಸಿಟ್ಟಿನಲ್ಲಿ ಸೇದಿದಳು, ಸಿಟ್ಟಿನಲ್ಲೇ ಗಾಳಿಸಿದಳು. ಚಮಚ ಕಸಿದುಕೊಂಡು ಔಷಧ ಬಿಟ್ಟಳು. ಬಣ್ಣ ನೀರಿನಲ್ಲಿ ಹೂವಿನ ಹಾಗೆ ಬಿಚ್ಚಿಕೊಂಡಿತು. ಅವಳು ಬಗ್ಗಿ ನೋಡಿದಳು, ಮೂಸಿದಳು.

"ಅರಿಶಿಣದ ವಾಸನಿ ಇಲ್ಲ," ಎಂದು ಹಿಂದಿದ್ದವರಿಗೆ ತಾನೇ ಸಾರಿದಳು.

ಆ ದಿನ ಹದಿನೇಳು ಕೊಡ. ಮರುದಿನ ಮೂವತ್ತೊಂದು. ಉಳಿದ ಒಂಬತ್ತು ಮನೆಗಳಿಗೆ ಬಾಳವ್ವ ಹೋಗಲಿಲ್ಲ, ಶಿವಲಿಂಗವ್ವ ಹೋದಳು. ಅವಳ ಬಾಯಿಗೆ ಅಂಜಿ ಒಂಬತ್ತೂ ಬಂದವು.

ಗಡುವು ಮುಗಿದ ಮುಂಜಾನೆ ಕಮಿಟಿಯ ಅಧ್ಯಕ್ಷರಾದ ರಾವಸಾಹೇಬರು ಟಾಂಗಾದಲ್ಲಿ ಬಂದರು. ಜೊತೆಗೆ ಡಾಕ್ಟರರು, ಹಿಂದೆ ನೋಟೀಸು ಹಿಡಿದ ಗುರುಪುತ್ರಪ್ಪ. ಹೊಸ ಬಾಡಿಗೆದಾರರ ಯಾದಿಯೂ ಅವನ ಬಗಲಲ್ಲಿತ್ತು. ರಾವಸಾಹೇಬರು ಇಳಿದು ನೋಡಿದರೆ ಬಾವಿಯಿಂದ ಚಾಳಿನ ಗೇಟಿನ ತನಕ ನಲವತ್ತು ಕೊಡ, ಪ್ರತಿ ಕೊಡದ ಬಾಯಿಗೂ ಬಿಳಿ ಅರಿವೆ. ತಾಮ್ರದ್ದು, ಹಿತ್ತಾಳೆಯದು, ಮಣ್ಣಿನದು. ಗದ್ದಲವಿಲ್ಲ, ನೂಕಾಟವಿಲ್ಲ.

"ಗುರುಪುತ್ರಪ್ಪ, ಇವ್ರು ನಾಲಾಕ್ಕ ಹೋಗ್ತಾರ ಅಂದ್ರಿ?"

"ಮೊನ್ನಿ ತನಕಾ ಹೋಗ್ತಿದ್ರು ಸಾಹೇಬ್ರ."

"ಮೊನ್ನಿ ತನಕಾ ಕಾರಕೂನ್ರು ಏನ್ ಮಾಡ್ತಿದ್ರಂತ ಕೇಳ್ರಿ ಸಾಹೇಬ್ರ," ಎಂದು ಎಲ್ಲಿಂದಲೋ ದುಂಡಪ್ಪನ ದನಿ ಬಂತು.

ರಾವಸಾಹೇಬರು ಡಾಕ್ಟರರ ಕಡೆ ನೋಡಿದರು. ನಾಲಾದ ಗುಡಿಸಲುಗಳಲ್ಲಿ ಈ ತನಕ ಏಳು ಸಾವು, ಮಾರುಕಟ್ಟೆಯ ಓಣಿಯಲ್ಲಿ ನಾಲ್ಕು, ಈ ಚಾಳಿನಲ್ಲಿ ಪುಣ್ಯಕ್ಕೆ ಒಂದೂ ಇಲ್ಲ ಎಂದರು ಡಾಕ್ಟರರು. ಯಾರ ಯುಕ್ತಿ ಇದು ಎಂದು ರಾವಸಾಹೇಬರು ಕೇಳಿದಾಗ ಬಾಳವ್ವ ಅಕ್ಕಾತಾಯಿಯನ್ನು ತೋರಿಸಿದಳು, ಅಕ್ಕಾತಾಯಿ ಚಮಚದಿಂದಲೇ ಬಾಳವ್ವನನ್ನು ತೋರಿಸಿದಳು.

"ಖಾಲಿ ಮಾಡಿಸೂ ಮಾತಿಲ್ಲ," ಎಂದರು ರಾವಸಾಹೇಬರು. "ಬಾಳವ್ವಾ, ಏನ್ ಬೇಕು ನಿನಗ, ಕೇಳು."

ಒಂದು ಇಳಕಲ್ಲ ಸೀರೆಗೆ ಅವರು ಮನಸ್ಸಿನಲ್ಲೇ ತಯಾರಾಗಿದ್ದರು. ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕೇಳ್ತೇನ್ರಿ. ಕಮಿಟಿಯಿಂದ ನರ್ಸಬಾಯಾರು ತಿಂಗಳಿಗೊಮ್ಮಿ ಬರ್ತಾರ. ಯಾವಾಗ ಬರ್ತಾರ? ಮಟಮಟ ಮಧ್ಯಾಹ್ನ. ಸಿಡುಬಿಗಿ ದೇವಿ ಹಾಕಾವ್ರು ಬರ್ತಾರ, ಅವ್ರೂ ಮಧ್ಯಾಹ್ನ. ಸಾಲಿ ಮಾಸ್ತರು ಹುಡುಗೂರ ಹೆಸರ ಬರಕೊಳ್ಳಾಕ ಬಂದ್ರು, ಅವ್ರೂ ಹಂಗ. ಆ ಹೊತ್ತಿನಾಗ ಇಲ್ಲೆ ಗೋಡಿ ಇರ್ತಾವ್ರಿ, ಮಂದಿ ಇರೂದಿಲ್ಲ. ಗಂಡಸರು ಮೂಟಿ ಹೊರಾಕ, ಹೆಂಗಸರು ಕಾಳ ಹಸನ ಮಾಡಾಕ ಹೋಗಿರ್ತಾರ. ಯಾರೂ ಸಿಗಲಿಲ್ಲಂತ ಬರದ ಹೋಗಿಬಿಡ್ತಾರ. ನಲವತ್ತೂ ಮನಿ ಒಂದ ಕಡಿ ಕೂಡೂದು ಇಲ್ಲೆ, ಪಾಳ್ಯಾಗ. ಅವ್ರೆಲ್ಲಾ ಈ ಹೊತ್ತಿಗಿ ಬರಬೇಕು. ವಾರಕ್ಕೊಮ್ಮಿ ಬರಬೇಕು. ಯಾರ್ಗೆ ಏನಾಗೇತಿ ನಾ ತೋರಸ್ತೇನಿ, ಔಷಧ ಅವ್ರು ಕೊಡ್ಲಿ."

ಗುರುಪುತ್ರಪ್ಪ ಗಂಟಲು ಸರಿ ಮಾಡಿಕೊಂಡ. "ಅವ್ರ ವೇಳ್ಯಾ ಕಚೇರಿಯಿಂದ ಠರಾವ್ ಆಗೇದರಿ. ಹಂಗ ಬದಲ ಮಾಡಾಕ..."

"ಬರೀರಿ," ಎಂದರು ರಾವಸಾಹೇಬರು.

ಬರೆಯಲು ಗುರುಪುತ್ರಪ್ಪನ ಬಳಿ ಬೇರೆ ಕಾಗದವಿರಲಿಲ್ಲ. ಖಾಲಿ ಮಾಡಿಸುವ ನೋಟೀಸನ್ನೇ ಮಗುಚಿ, ಬಾವಿಯ ಕಟ್ಟೆಯ ಮೇಲೆ ಇಟ್ಟು, ಬಗ್ಗಿದ. ನರ್ಸಬಾಯಿ, ದೇವಿ ಹಾಕುವವರು, ಸಾಲಿ ಮಾಸ್ತರು, ಪ್ರತಿ ಸೋಮವಾರ ಎಂದು ಬರೆದು ಲೇಖನಿ ಎತ್ತಿದ.

"ಎಷ್ಟು ಗಂಟೆ ಅಂತ ಬರೀಲಿ?"

ಬಾಳವ್ವನಿಗೆ ಗಡಿಯಾರ ಗೊತ್ತಿರಲಿಲ್ಲ. ಅದಕ್ಕಾಗಿ ಅವಳು ನಾಚಲೂ ಇಲ್ಲ.

"ಕೊಡ ಬರೂ ಹೊತ್ತು ಅಂತ ಬರೀರಿ."

ಗುರುಪುತ್ರಪ್ಪ ರಾವಸಾಹೇಬರ ಮುಖ ನೋಡಿದ. ರಾವಸಾಹೇಬರು ತಲೆ ಆಡಿಸಿದರು. ಸರಕಾರಿ ಚಾಳಿನ ಆ ಕಾಗದದ ಮೇಲೆ, ಅಚ್ಚ ದುಂಡು ಅಕ್ಷರದಲ್ಲಿ ಅವನು ಬರೆದ: ವೇಳೆ, ಕೊಡ ಬರುವ ಹೊತ್ತು. ರಾವಸಾಹೇಬರು ಕೆಳಗೆ ರುಜು ಹಾಕಿದರು.